ಪ್ರತಿಕ್ರಿಯೆ: ಸಬ್‌ವೂಫರ್‌ಗೆ ಒಂದು ಕೇಬಲ್ ಸಾಕಾ, ಎರಡು ಬೇಕಾ?

ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸದ್ದು ನುಡಿಸುವ ಸ್ಪೀಕರ್) ಹಿಂದೆ ಎಡ, ಬಲ ಅಂತ ಎರಡು ಇನ್‌ಪುಟ್ ಇವೆ, ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಒಂದೇ ಸಬ್ ಔಟ್ ಇದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಒಂದೇ ಆರ್‌ಸಿಎ ಕೇಬಲ್ ಸಾಕು. ಎರಡೂ ಪೆಟ್ಟಿಗೆಗಳ ಪವರ್ ಆಫ್ ಮಾಡಿ, ಸಬ್ ಔಟ್‌ನಿಂದ 'ಎಲ್‌ಎಫ್‌ಇ' (ಬೇಸ್ ಸಿಗ್ನಲ್) ಅಂತ ಬರೆದಿರುವ ಇನ್‌ಪುಟ್‌ಗೆ ಸಿಕ್ಕಿಸಿ. ಎಷ್ಟೋ ಮಾಡೆಲ್‌ಗಳಲ್ಲಿ ಎಡಗಡೆಯದೇ ಎಲ್‌ಎಫ್‌ಇ. ಒಂದನ್ನು ಎರಡಾಗಿ ಕವಲೊಡೆಸುವ ವೈ ಕೇಬಲ್ ಹಾಕಿ ಎರಡೂ ಇನ್‌ಪುಟ್‌ಗೆ ಕೊಟ್ಟರೆ ಸದ್ದು ಸ್ವಲ್ಪ ಏರಬಹುದು, ಅಷ್ಟೇ.

ಜಾಸ್ತಿ ಜನ ಎಡವುವುದು ಇದಾದ ಮೇಲೆ. ಸಬ್ ಹಿಂದಿನ ಕ್ರಾಸ್‌ಓವರ್ ತಿರುಪನ್ನು (ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅಂತ ಹೇಳುವುದು) ಪೂರ್ತಿ ಗರಿಷ್ಠಕ್ಕೆ ತಿರುಗಿಸಿಬಿಡಿ. ಇಲ್ಲದಿದ್ದರೆ ರಿಸೀವರ್ ಒಮ್ಮೆ, ಸಬ್ ಇನ್ನೊಮ್ಮೆ ಫಿಲ್ಟರ್ ಮಾಡಿ, ನಡುವೆ ಒಂದಷ್ಟು ಸದ್ದು ಸುಮ್ನೆ ಮಾಯವಾಗುತ್ತದೆ. ರಿಸೀವರ್ ಮೆನುವಿನಲ್ಲಿ ಸ್ಪೀಕರ್‌ಗಳನ್ನು 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್ ಇಡಿ. ನಿಮ್ಮದು ದೊಡ್ಡ ಟವರ್ ಸ್ಪೀಕರ್ ಆದರೂ 'ಸ್ಮಾಲ್' ಅಂದರೆ ಬೇಜಾರಾಗಬೇಡಿ, ಕೆಳಗಿನ ಬೇಸ್ ಅನ್ನು ಸಬ್‌ಗೆ ಕಳಿಸು ಅಂತಷ್ಟೇ ಅದರರ್ಥ. ಸಬ್‌ನ ವಾಲ್ಯೂಮ್ ಅರ್ಧಕ್ಕಿಟ್ಟು ರಿಸೀವರ್‌ನ ಮೈಕ್ ಕ್ಯಾಲಿಬ್ರೇಶನ್ (ಮೈಕ್‌ನಿಂದ ಸದ್ದು ಅಳೆದು ತಾನೇ ಹೊಂದಿಸುವುದು) ಓಡಿಸಿ. ಸಬ್‌ನ ಸದ್ದನ್ನು ಉಳಿದ ಸ್ಪೀಕರ್‌ಗಳ ಜೊತೆ ಹೊಂದಿಸುವ ಫೇಸ್ ಸ್ವಿಚ್ ಅನ್ನು 0, 180 ಎರಡರಲ್ಲೂ ಕೇಳಿ ನೋಡಿ, ಬೇಸ್ ತುಂಬಿ ಬರುವ ಕಡೆ ಬಿಡಿ.

'ಗುಂಯ್' ಅಂತ ಸದ್ದು ಬರುತ್ತಿದೆ ಅಂದಿರಲ್ವಾ, ಅದು ಬಹುಶಃ ಗ್ರೌಂಡ್ ಲೂಪ್, ಅಂದರೆ ಬೇರೆ ಬೇರೆ ಅರ್ಥಿಂಗ್‌ಗಳ ನಡುವೆ ಕೇಬಲ್ ಮೂಲಕ ಹರಿಯುವ ಕರೆಂಟ್‌ನಿಂದ ಬರುವ ಸದ್ದು. ಸಬ್, ರಿಸೀವರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಡಿಟಿಎಚ್ ಕೇಬಲ್ ಕಿತ್ತಾಗ ನಿಂತರೆ ಕಳ್ಳ ಅಲ್ಲಿದ್ದಾನೆ. ಅರ್ಥಿಂಗ್ ಪಿನ್ ಮಾತ್ರ ಕೀಳಬೇಡಿ, ಶಾಕ್ ಹೊಡೆಯಬಹುದು.

ಕೇಬಲ್‌ಗೆ ಸಾವಿರಾರು ಸುರಿಯಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ, ಶೀಲ್ಡ್ (ಒಳತಂತಿಯ ಸುತ್ತಲಿನ ರಕ್ಷಣೆಯ ಹೊದಿಕೆ) ಚೆನ್ನಾಗಿರುವ ಸಾಧಾರಣ ಆರ್‌ಸಿಎ ಕೇಬಲ್ ಧಾರಾಳ ಸಾಕು.