ಆ ಮೂವತ್ತೊಂದು ಸಸಿಗಳಿಗೆ ನೀರು ಹೊರುತ್ತಿರುವವರು

ಶಿರಾ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುತ್ತಿರುವ ಇಪ್ಪತ್ತೊಂಬತ್ತರ ಯುವಕರೊಬ್ಬರ ಪತ್ರವನ್ನು ಈ ವಾರ ಮೂರು ಸಲ ಓದಿದೆ. ಸಾಲುಮರದ ತಿಮ್ಮಕ್ಕ ಮತ್ತು ತುಳಸಿ ಗೌಡರ ಬದುಕು ಅವರ ನಿದ್ದೆ ಕೆಡಿಸಿದೆ. ಕೆಲಸ ಬಿಟ್ಟು ಊರಿನಲ್ಲಿ ಗಿಡ ಬೆಳೆಸುವ ಆಸೆ. ಮನೆಸಾಲದ ಕಂತು ಮುಂದಿಟ್ಟು ಹೆಂಡತಿ ಒಪ್ಪುತ್ತಿಲ್ಲ. ಏನು ಮಾಡಲಿ ಎಂದು ಕೇಳಿದ್ದಾರೆ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಹೇಳಿಯೂ ಹೇಳದಂತೆ, ಒಂದು ಸಾಲು ಬಂದುಹೋಗಿದೆ. ಕಳೆದ ಜೂನ್‌ನಲ್ಲಿ ಗೆಳೆಯರೊಡನೆ ಗೋಮಾಳದಲ್ಲಿ ನೆಟ್ಟ 120 ಹೊಂಗೆ, ಬೇವಿನ ಸಸಿಗಳಲ್ಲಿ 31 ಉಳಿದಿವೆ, 'ಅಮ್ಮ ನೀರು ಹಾಕುತ್ತಾರೆ' ಎಂದು ಬರೆದು ಮುಂದೆ ಸಾಗಿದ್ದೀರಿ. ಅಮ್ಮನಿಗೆ ಮಂಡಿನೋವು ಎಂಬುದು ಬೇರೊಂದು ಪುಟದಲ್ಲಿ, ಬೇರೊಂದು ಮಾತಿನ ನಡುವೆ ಬಂದಿದೆ. ಈ ಎರಡು ಸಾಲುಗಳನ್ನು ನೀವು ಒಟ್ಟಿಗೆ ಓದಿಕೊಂಡಿಲ್ಲವೆಂದೇ ನನಗನ್ನಿಸುತ್ತದೆ.

ತಿಮ್ಮಕ್ಕನವರ ಕೆಲಸದಲ್ಲಿ ಸಸಿ ನೆಟ್ಟದ್ದು ಚಿಕ್ಕ ಭಾಗ. ಕೂಲಿ ಮಾಡಿ ಬದುಕುತ್ತಿದ್ದ ಅವರೂ ಗಂಡ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಮೊದಲ ವರ್ಷ ಇಟ್ಟದ್ದು ಹತ್ತೇ ಆಲದ ಸಸಿ, ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಸುಮಾರು ನಾಲ್ಕು ಕಿಲೋಮೀಟರ್ ನೀರು ಹೊತ್ತು ಹಾಕಿ, ದನಕರು ಮೇಯದಂತೆ ಸುತ್ತ ಮುಳ್ಳು ಕಟ್ಟಿ, ಬದುಕಿಸಿಕೊಳ್ಳಬಲ್ಲೆವೆಂಬಷ್ಟನ್ನೇ ನೆಟ್ಟು ಬೆಳೆಸಿದ ಸಾಲು ಅದು. ಕೊನೆಗೆ 385 ಮರಗಳಾದವು. ಬಿಂದಿಗೆ ಹೊತ್ತವರಲ್ಲಿ ಚಿಕ್ಕಯ್ಯನವರೂ ಇದ್ದರು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರಾದರೋ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿಗೆ ದುಡಿದವರು. ಯಾವ ತಾಯಿಮರದ ಬೀಜ ಯಾವಾಗ ಆಯಬೇಕೆಂಬ ಅವರ ಅರಿವು ಅದೇ ದಿನಗೂಲಿಯ ಮಣ್ಣಿನಲ್ಲಿ ಕೈಯಾಡಿಸುತ್ತ ಬಂದದ್ದು. 2021ರಲ್ಲಿ ಬರಿಗಾಲಿನಲ್ಲಿ ಪದ್ಮಶ್ರೀ ಸ್ವೀಕರಿಸಿದ ಅವರ ಚಿತ್ರವನ್ನು ನೀವು ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದೀರಿ. ಅಂಥ ಕಾಲು ನಿಮ್ಮ ಮನೆಯಲ್ಲೇ ಇದೆ, ದಿನವೂ ಗೋಮಾಳಕ್ಕೆ ನಡೆದು ಹೋಗಿ ಬರುತ್ತಿದೆ.

ಹೆಂಡತಿಯ ಲೆಕ್ಕ ಸರಿಯಾಗಿದೆ, ಆ ವಿಷಯ ಅಲ್ಲಿಗೇ ಬಿಡೋಣ. ನನಗೆ ಸಿಟ್ಟು ಬಂದದ್ದು 'ಮನೆಯವರ ಮಾತು ಕೇಳಿದವರಾರೂ ಸಮಾಜ ಬದಲಿಸಿಲ್ಲ' ಎಂದು ನಿಮಗೆ ಉಪದೇಶಿಸಿದ ಗೆಳೆಯನ ಮೇಲೆ. ಪರಿಸರ ದಿನವೆಂದು ಜೂನ್ 5ರಂದು ಬಂದು, 120 ಗುಂಡಿ ತೋಡಿಸಿ, ವಿಡಿಯೊ ಮಾಡಿಕೊಂಡು ಹೋದ ಆತ ಆಮೇಲೆ ಒಂದು ದಿನವೂ ಅತ್ತ ತಲೆ ಹಾಕಿಲ್ಲವೆಂದು ನೀವೇ ಬರೆದಿದ್ದೀರಿ. ಒಣಗಿದ 89 ಸಸಿಗಳಲ್ಲಿ ಅವನ ಪಾಲು ದೊಡ್ಡದು. ಬದಲಾವಣೆಯ ಹೆಸರಿನಲ್ಲಿ ಆರಂಭವಾದ ಕೆಲಸದ ಭಾರ ಕಡೆಗೆ ಮನೆಯ ಹೆಂಗಸರ ಸೊಂಟಕ್ಕೆ ಬಂದು ನಿಲ್ಲುವುದನ್ನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಅದು ನಿಲ್ಲುವವರೆಗೂ ಬರೆಯುತ್ತೇನೆ.

ಆದ್ದರಿಂದ ರಾಜೀನಾಮೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಈ ಶನಿವಾರ ಊರಿಗೆ ಹೋಗಿ ಅಮ್ಮನ ಕೈಯಿಂದ ಬಿಂದಿಗೆಯನ್ನು ಇಸಿದುಕೊಳ್ಳಿ. ಪ್ರತಿ ಸಸಿಯ ಪಕ್ಕದಲ್ಲಿ ಒಂದೊಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಬಿಟ್ಟರೆ ತೇವ ನಿಧಾನವಾಗಿ ಬೇರಿಗೆ ಇಳಿಯುತ್ತದೆ. ವಾರದ ನಡುವೆ ಒಂದು ಸಲ ತುಂಬಲು ಊರಿನವರೊಬ್ಬರಿಗೆ ನಿಮ್ಮ ಸಂಬಳದಿಂದ ಕೂಲಿ ಕೊಡಿ. ಮುಂದಿನ ಮುಂಗಾರು ಹಿಡಿಯುವವರೆಗೆ ಒಂದು ಶನಿವಾರವೂ ತಪ್ಪಿಸದೆ ಹೋಗಿ, ಆಗ ಎಷ್ಟು ಸಸಿ ಉಳಿದಿವೆಯೆಂದು ಎಣಿಸಿ ನನಗೆ ಬರೆಯಿರಿ.