ಗರ್ಭಪಾತಕ್ಕೆ ಗಂಡನ ಸಹಿ ಬೇಕೇ ಬೇಕಾ?

ಬೇಡ. 18 ತುಂಬಿದ್ದರೆ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಗರ್ಭಪಾತಕ್ಕೆ ಸಂಬಂಧಿಸಿದ 1971ರ ಎಂಟಿಪಿ ಕಾಯ್ದೆಯಲ್ಲೇ ಹೀಗಿದೆ. ಒಪ್ಪಿಗೆ ಪತ್ರ, ಅಂದರೆ ‘ಫಾರ್ಮ್ ಸಿ’ಯನ್ನೇ ನೋಡಿ: ಅದರಲ್ಲಿ ಗಂಡ ಸಹಿ ಹಾಕುವುದಕ್ಕೆ ಜಾಗವೇ ಇಲ್ಲ. ಆದರೂ ಎಷ್ಟೋ ಕಡೆ ‘ಯಜಮಾನ್ರನ್ನ ಕರ್ಕೊಂಡು ಬನ್ನಿ’ ಅನ್ನುತ್ತಾರೆ. ನಾಳೆ ಮನೆಯವರು ಬಂದು ಜಗಳ ತೆಗೆದಾರು ಅನ್ನೋ ಭಯ ಅಷ್ಟೇ, ಕಾನೂನಲ್ಲ ಅದು.

ಆದರೆ ಡಾಕ್ಟರ್ ಮಾತ್ರ ಒಪ್ಪಲೇಬೇಕು. 20 ವಾರದವರೆಗೆ ಒಬ್ಬರು ಸಾಕು. 20ರಿಂದ 24 ವಾರಕ್ಕೆ ಇಬ್ಬರು ಬೇಕು, ಅದೂ ಅತ್ಯಾಚಾರಕ್ಕೆ ಒಳಗಾದವರು, ಬಸುರಿಯಿದ್ದಾಗ ಗಂಡನನ್ನು ಕಳೆದುಕೊಂಡವರು, ಹೀಗೆ ಕೆಲವರಿಗೆ ಮಾತ್ರ. ಮದುವೆಯಾಗಿಲ್ಲ ಅಂತ ಇದನ್ನು ನಿರಾಕರಿಸುವಂತಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಗುಟ್ಟಿನ ವಿಷಯ. ನಿಮ್ಮ ಹೆಸರನ್ನು ಡಾಕ್ಟರ್ ಸುಮ್ನೆ ಯಾರಿಗೋ ಹೇಳಿದರೆ 1 ವರ್ಷದವರೆಗೆ ಜೈಲಾಗಬಹುದು.