ಆಲದ ಮರಕ್ಕೆ ಕೊಡಲಿ ಬೇಡ

ಡೊಂಬಿವಲಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ರಜೆಯಲ್ಲಿ ಮೊಮ್ಮಗ ಮಾಥೇರಾನ್ ಗಿರಿಧಾಮದಲ್ಲಿ ಕುದುರೆ ಹತ್ತಿ ಬಂದ. ಆಮೇಲೆ ಮೊಬೈಲ್‌ನಲ್ಲಿ ಹೆಂಡ್ರಾ ವೈರಸ್ ಬಗ್ಗೆ ಓದಿದೆ. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ನಮಗೆ ಬರುತ್ತದಂತೆ. ನಮ್ಮ ಸೊಸೈಟಿಯ ಆಲದ ಮರದ ತುಂಬ ಬಾವಲಿಗಳು. ಮರ ಕಡಿಸೋಣ ಅಂತ ಕಮಿಟಿಯವರು ಹೇಳುತ್ತಿದ್ದಾರೆ. ನನಗೂ ಭಯ."

ಅಮ್ಮಾ, ಮೊದಲು ಮೊಮ್ಮಗನ ವಿಷಯ. ನಿಶ್ಚಿಂತೆಯಿಂದಿರಿ. ಹೆಂಡ್ರಾ ಈವರೆಗೆ ಕಾಣಿಸಿಕೊಂಡಿರುವುದು ಆಸ್ಟ್ರೇಲಿಯಾದಲ್ಲಿ ಮಾತ್ರ. 1994ರಲ್ಲಿ ಬ್ರಿಸ್ಬೇನ್‌ನ ಹೆಂಡ್ರಾ ಎಂಬ ಬಡಾವಣೆಯ ಕುದುರೆ ಲಾಯದಲ್ಲಿ ಮೊದಲು ಗೊತ್ತಾಯಿತು, ಹೆಸರೂ ಹಾಗೇ ಬಂತು. ಇಡೀ ಆಸ್ಟ್ರೇಲಿಯಾದಲ್ಲಿ ಈವರೆಗೆ ಸೋಂಕು ತಗುಲಿದ್ದು 7 ಜನರಿಗೆ, ತೀರಿಕೊಂಡವರು 4 ಮಂದಿ. ಎಲ್ಲರೂ ಕಾಯಿಲೆ ಬಿದ್ದ ಕುದುರೆಯ ಆರೈಕೆ ಮಾಡಿದವರು, ಇಲ್ಲವೇ ಸತ್ತ ಕುದುರೆಯನ್ನು ಕೊಯ್ದು ಪರೀಕ್ಷಿಸುವಾಗ ಜೊತೆಗಿದ್ದವರು. ತೀರಿಕೊಂಡ ನಾಲ್ವರಲ್ಲಿ ಇಬ್ಬರು ಪಶುವೈದ್ಯರು. 2012ರಿಂದ ಅಲ್ಲಿ ಕುದುರೆಗಳಿಗೆ ಲಸಿಕೆ ಇದೆ.

ಇನ್ನು ಮರ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹೆಂಡ್ರಾ ಬಾವಲಿಯಿಂದ ನೇರವಾಗಿ ಮನುಷ್ಯರಿಗೆ ಬಂದ ಒಂದು ಉದಾಹರಣೆಯೂ ಇಲ್ಲ. ಗಾಯಗೊಂಡ ಬಾವಲಿಗಳನ್ನು ಎತ್ತಿ ಸಾಕುವವರ ರಕ್ತದಲ್ಲೂ ಅದರ ಗುರುತು ಸಿಗಲಿಲ್ಲ. ಹಾಗಾದರೆ ಕುದುರೆಗೆ ಬಂದದ್ದು ಹೇಗೆ? ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಡೆ ಚಳಿಗಾಲದಲ್ಲಿ ಹೂ ಬಿಡುವ ಕಾಡು ಕಡಿಮೆಯಾಯಿತು. ಹೊಟ್ಟೆಗಿಲ್ಲದ ಬಾವಲಿಗಳು ಊರಿಗೆ, ಹೊಲಕ್ಕೆ ಬಂದವು. ಕುದುರೆ ಮೇಯುವ ಜಾಗದ ಮರಗಳಲ್ಲಿ ಹಣ್ಣು ತಿಂದವು. ಅವುಗಳ ಉಚ್ಚೆ, ಎಂಜಲು ಬಿದ್ದ ಹುಲ್ಲನ್ನು ಕುದುರೆ ತಿಂದಿತು. ಉಳಿದ ಕಾಡು ಚೆನ್ನಾಗಿ ಹೂ ಬಿಟ್ಟ ಚಳಿಗಾಲಗಳಲ್ಲಿ ಬಾವಲಿಗಳು ಅತ್ತ ಹೋದವು, ಕುದುರೆಗಳಿಗೆ ರೋಗ ಬರಲಿಲ್ಲ. ಮರ ಕಡಿದರೆ ಬಾವಲಿ ಮಾಯವಾಗುವುದಿಲ್ಲ ಅಮ್ಮಾ, ಹಸಿದು ನಮ್ಮ ಕಿಟಕಿಗೆ ಇನ್ನೂ ಹತ್ತಿರ ಬರುತ್ತದೆ.

ಹಾಗಂತ ಬಾವಲಿಯ ವಿಷಯದಲ್ಲಿ ಎಚ್ಚರವೇ ಬೇಡ ಅಂತಲ್ಲ. ಹೆಂಡ್ರಾದ ಹತ್ತಿರದ ಸಂಬಂಧಿ ನಿಪಾ ವೈರಸ್, ಅದು ಬಾವಲಿಯಿಂದ ಮನುಷ್ಯರಿಗೆ ಬರಬಲ್ಲದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 2020ರಲ್ಲಿ ಮಹಾಬಲೇಶ್ವರದ ಗುಹೆಯಲ್ಲಿ ಹಿಡಿದ ಬಾವಲಿಗಳಲ್ಲಿ ನಿಪಾದ ಗುರುತು ಕಂಡರು. ಅದಕ್ಕೇ ಮರದ ಕೆಳಗೆ ಬಿದ್ದ, ಕಚ್ಚಿದ ಹಣ್ಣನ್ನು ಮಕ್ಕಳು ತಿನ್ನದಿರಲಿ. ತಂದ ಹಣ್ಣನ್ನು ತೊಳೆದು ಕೊಡಿ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ನನಗೆ ಹೆಚ್ಚು ಚಿಂತೆ ಮಾಥೇರಾನ್‌ನ ಕುದುರೆಯವರದ್ದು. ದಸ್ತೂರಿ ನಾಕಾದಿಂದ ದಿನವಿಡೀ ಲಗಾಮು ಹಿಡಿದು ನಡೆಯುವ ಹುಡುಗರು, ರಾತ್ರಿಯೂ ಆ ಕುದುರೆಗಳ ಪಕ್ಕದಲ್ಲೇ ಮಲಗುವವರು. ನಮ್ಮ ದೇಶದ ಕುದುರೆಗಳಲ್ಲಿ ಗ್ಲ್ಯಾಂಡರ್ಸ್ ಕಾಣಿಸಿಕೊಳ್ಳುತ್ತದೆ. ಅದು ಬ್ಯಾಕ್ಟೀರಿಯಾದ ರೋಗ, ಕುದುರೆಯಿಂದ ಮನುಷ್ಯರಿಗೆ ಬರಬಲ್ಲದು. ಕುದುರೆಗೆ ಜ್ವರ ಬಂದು ಮೂಗು ಸುರಿಯುತ್ತಿದ್ದರೆ ಬೇರೆ ಕಟ್ಟಬೇಕು, ಗ್ಲೌಸ್ ಹಾಕಿಕೊಳ್ಳಬೇಕು, ಪಶುವೈದ್ಯರನ್ನು ಕರೆಸಬೇಕು. ಮುಂದಿನ ಸಲ ಹೋದಾಗ ನಿಮ್ಮ ಕುದುರೆಯವನಿಗೆ ಮರಾಠಿಯಲ್ಲೇ ಇಷ್ಟು ಹೇಳಿ. ಮೊಮ್ಮಗ ಇಳಿದ ಮೇಲೆ ಸಾಬೂನಿನಿಂದ ಕೈ ತೊಳೆಯಲಿ.

ಕಮಿಟಿ ಮೀಟಿಂಗ್ ಯಾವಾಗ ಅಂತ ತಿಳಿಸಿ. ದಾದರ್‌ನಿಂದ ಫಾಸ್ಟ್ ಲೋಕಲ್ ಹಿಡಿದು ನಾನೂ ಬರುತ್ತೇನೆ.

— ಸಂಪಾದಕ